ಹಿಮ್ಮಡಿಯ ದೀಪ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಕೋಲಾರಕ್ಕೆ ಬಂದ ನನ್ನ ತಂಗಿಯ ಮೊಮ್ಮಗಳು, ಕಾರಿನ ಬೆನ್ನಿಗೆ ಕಟ್ಟಿ ತಂದಿದ್ದ ಸೈಕಲ್ಲನ್ನು ನಮ್ಮ ಅಂಗಳದಲ್ಲಿ ಇಳಿಸಿದಳು. ಒಂದೇ ಕೈಯಲ್ಲಿ ಎತ್ತಿ ಇಳಿಸಿದಳೆಂಬುದನ್ನು ಗಮನಿಸಿ. ನಮ್ಮ ಕಾಲದ ಸೈಕಲ್ಲನ್ನು ಜಗಲಿ ಹತ್ತಿಸಬೇಕಾದರೆ ಇಬ್ಬರು ಬೇಕಾಗುತ್ತಿತ್ತು. ಮಡ್‌ಗಾರ್ಡಿಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಪೆಡಲ್ ಎನ್ನುವುದಂತೂ ಎಷ್ಟು ಚಿಕ್ಕದೆಂದರೆ ಅದರ ಮೇಲೆ ಕಾಲಿಡುವುದು ಹೇಗೆಂದು ನನಗೆ ತಿಳಿಯಲೇ ಇಲ್ಲ.

“ಅಜ್ಜಿ, ಅಂಗಳದ ಲೈಟು ಆರಿಸಿ, ಒಂದು ತಮಾಷೆ ತೋರಿಸ್ತೀನಿ” ಎಂದಳು. ಆರಿಸಿದೆ. ಅವಳು ಸೈಕಲ್ಲನ್ನು ಎತ್ತಿ ಹಿಡಿದು ಕೈಯಿಂದ ಪೆಡಲ್ ತಿರುಗಿಸಿದಳು. ಮುಂದಿನಿಂದ ನೋಡಿದರೆ ಎರಡು ಬಿಳಿಯ ದೀಪ, ಹಿಂದಿನಿಂದ ನೋಡಿದರೆ ಎರಡು ಕೆಂಪು ದೀಪ. ಒಂದು ಮೇಲೇರಿದರೆ ಇನ್ನೊಂದು ಕೆಳಗಿಳಿಯುತ್ತದೆ. ಪೆಡಲ್ ಮಗುಚಿಕೊಂಡರೂ ತಾನು ಯಾವ ಕಡೆಗೆ ತಿರುಗಿದ್ದೇನೆಂದು ಅದಕ್ಕೇ ಗೊತ್ತಾಗಿ ಮುಂದೆ ಬಿಳಿ, ಹಿಂದೆ ಕೆಂಪು ತಪ್ಪದಂತೆ ಉರಿಯುತ್ತದೆಯಂತೆ. ಕತ್ತಲಲ್ಲಿ ಏರಿ ಇಳಿಯುವ ಆ ಬೆಳಕನ್ನು ನೋಡುತ್ತಾ ನಿಂತವಳಿಗೆ, ಸತ್ತು ಮೂವತ್ತು ವರ್ಷವಾದ ನನ್ನ ಚಿಕ್ಕಮ್ಮನ ಕಾಲುಗಳು ಕಣ್ಣಮುಂದೆ ಬಂದುಬಿಟ್ಟವು.

ಚಿಕ್ಕಮ್ಮ ಸೂಲಗಿತ್ತಿ ನರ್ಸು. 1964ರ ಸುಮಾರಿಗೆ ಅವಳಿಗೆ ಮುಳಬಾಗಿಲು ತಾಲ್ಲೂಕಿನಲ್ಲಿ, ನಂಗಲಿ ಕಡೆಯ ಹಳ್ಳಿಗಳಲ್ಲಿ ಕೆಲಸ. ಆಂಧ್ರದ ಗಡಿ ಅಲ್ಲೇ ಪಕ್ಕದಲ್ಲಿ. ಜನ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಬಸ್ಸು ದಿನಕ್ಕೆ ಎರಡೋ ಮೂರೋ. ಹೆರಿಗೆ ನೋವೇನು ಬಸ್ಸಿನ ಹೊತ್ತು ನೋಡಿಕೊಂಡು ಬರುತ್ತದೆಯೆ? ಹೀಗಾಗಿ ಚಿಕ್ಕಮ್ಮ ಸೈಕಲ್ ಕಲಿತಳು. ಕಲಿಸಿದ್ದು ನಮ್ಮ ಅಜ್ಜ. ಮಗಳು ಸೈಕಲ್ ಹತ್ತಿದಳೆಂದು ಊರವರು ಆಡಿಕೊಂಡದ್ದನ್ನೆಲ್ಲ ಅವರು ಕಿವುಡರಂತೆ ಕೇಳಿಸಿಕೊಳ್ಳಲಿಲ್ಲ. ಎರಡು ವರ್ಷವಾದ ಮೇಲೆ ನಿಜಕ್ಕೂ ಕಿವುಡಾದರು, ಅದು ಬೇರೆ ಮಾತು.

ಹೆಂಗಸರ ಸೈಕಲ್ಲಾದರೂ ಸೀರೆಯ ನೆರಿಗೆಗೆ ಚೈನಿನ ಭಯ ತಪ್ಪಿದ್ದಲ್ಲ. ಚೈನಿಗೆ ತಗಡಿನ ಮುಚ್ಚಳ, ಹಿಂದಿನ ಚಕ್ರಕ್ಕೆ ದಾರದ ಬಲೆ ಎಲ್ಲ ಇದ್ದವು. ಆದರೂ ಚಿಕ್ಕಮ್ಮ ಆಸ್ಪತ್ರೆಯ ಬ್ಯಾಂಡೇಜು ಬಟ್ಟೆಯನ್ನು ಎರಡೂ ಕಣಕಾಲಿಗೆ ಸೀರೆಯ ಮೇಲೆಯೇ ಬಿಗಿದು ಕಟ್ಟಿಕೊಂಡು ಹೊರಡುತ್ತಿದ್ದಳು. ಬೆಳ್ಳನೆಯ ಬಟ್ಟೆ. ಅವಳಿಗೆ ಅದು ಸೀರೆ ಉಳಿಸಿಕೊಳ್ಳುವ ಉಪಾಯ, ಅಷ್ಟೇ.

ಹ್ಯಾಂಡಲ್ಲಿಗೆ ಸೀಮೆಎಣ್ಣೆಯ ದೀಪವಿತ್ತು. ಸೈಕಲ್ಲಿನ ದೀಪದ್ದೇ ಒಂದು ದೊಡ್ಡ ಕಥೆ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಸಮನಾಗಿರುವ, ಚೈನು ಹಾಕಿದ ‘ರೋವರ್’ ಸೈಕಲ್ ಮಾಡಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಅಲ್ಲಿಂದ ಮುಂದೆ ಹೆಂಗಸರು ಸೈಕಲ್ ಹತ್ತುವಂತಾಯಿತು, ಹತ್ತಿದವರು ಹೊತ್ತು ಮುಳುಗಿದ ಮೇಲೂ ತಿರುಗುವಂತಾಯಿತು. ಮೊದಲು ಎಣ್ಣೆಯ ದೀಪ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕಾರ್ಬೈಡ್ ದೀಪ. ಕಾರ್ಬೈಡಿನ ಹರಳಿನ ಮೇಲೆ ತೊಟ್ಟುತೊಟ್ಟಾಗಿ ನೀರು ಬಿದ್ದರೆ ಅಸಿಟಲೀನ್ ಅನಿಲ ಹುಟ್ಟಿ ಬೆಳ್ಳಗೆ ಉರಿಯುತ್ತದೆ. ಶ್ರೀನಿವಾಸಪುರದ ಹೆಣ್ಣುಮಕ್ಕಳಿಗೆ ಕಾರ್ಬೈಡಿನ ಪರಿಚಯವನ್ನು ಯಾರೂ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಮಾವಿನಕಾಯಿಯ ನಡುವೆ ಪೊಟ್ಟಣ ಕಟ್ಟಿಟ್ಟು ಒಂದೆರಡು ದಿನದಲ್ಲಿ ಬಣ್ಣ ಬರಿಸುತ್ತಿದ್ದುದು ಇದೇ ಪದಾರ್ಥ. ಹಾಗೆ ಹಣ್ಣು ಮಾಡುವುದನ್ನು ಕಾನೂನು ಈಗ ನಿಷೇಧಿಸಿದೆ. ದಾರಿ ತೋರಿಸಲು ಹುಟ್ಟಿದ ವಸ್ತು ನಮ್ಮ ಕಡೆ ಕೊನೆಗೆ ಹೊಟ್ಟೆ ಕೆಡಿಸುವ ಕೆಲಸಕ್ಕೆ ಬಿತ್ತು.

ಆಮೇಲೆ ಡೈನಮೋ ಬಂತು. ಟೈರಿನ ಪಕ್ಕಕ್ಕೆ ಒರಗಿ ಉಜ್ಜುತ್ತಾ ತಿರುಗುವ, ಪುಟ್ಟ ಸೀಸೆಯಂಥದು. ಮೂರು ವ್ಯಾಟಿನ ವಿದ್ಯುತ್ತಿಗೆ ಗುರ್ರೆಂದು ಗೊಣಗಿ ಕಾಲನ್ನೆಲ್ಲ ಸೋಲಿಸುತ್ತಿತ್ತು. ಅದರ ದೊಡ್ಡ ಕುಂದೆಂದರೆ ಸೈಕಲ್ ನಿಂತರೆ ದೀಪವೂ ನಿಂತಿತು. ಯಾವ ಕ್ಷಣದಲ್ಲಿ ಹೆಂಗಸಿಗೆ ಬೆಳಕು ಬೇಕೋ ಸರಿಯಾಗಿ ಆ ಕ್ಷಣದಲ್ಲಿ ಕತ್ತಲು! ದೀಪವಿಲ್ಲದೆ ಸಿಕ್ಕಿಬಿದ್ದವರ ಟೈರಿನ ಗಾಳಿಯನ್ನು ಪೋಲೀಸಿನವರು ಬಿಡುತ್ತಿದ್ದ ಕಾಲವದು. ಪುರಸಭೆಯ ತಗಡಿನ ಬಿಲ್ಲೆ ಇಲ್ಲದಿದ್ದರೂ ತಂಟೆ. ಊದುಬತ್ತಿ ಹಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು “ಇದೇ ದೀಪ ಸ್ವಾಮೀ” ಎಂದವರನ್ನು ನಾನೇ ಕಂಡಿದ್ದೇನೆ.

ನಮ್ಮ ಜಿಲ್ಲೆಯ ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. 1902ರಲ್ಲಿಯೇ ಶಿವನಸಮುದ್ರದಿಂದ ತೊಂಬತ್ತಕ್ಕೂ ಹೆಚ್ಚು ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ತಂದರು. ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಆಗಿನ ಪ್ರಪಂಚದಲ್ಲೇ ದೊಡ್ಡ ಸಾಹಸ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದೂ ಅದಕ್ಕೆ ಮೂರು ವರ್ಷ ತಡವಾಗಿ, 1905ರಲ್ಲಿ. ಗಣಿಯ ಯಂತ್ರಗಳು ಆ ಬಲದಲ್ಲಿ ತಿರುಗುತ್ತಿದ್ದ ಅರವತ್ತು ವರ್ಷಗಳ ತರುವಾಯವೂ ಅದೇ ಜಿಲ್ಲೆಯ ನಮ್ಮ ಚಿಕ್ಕಮ್ಮ ಸೀಮೆಎಣ್ಣೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

ಒಂದು ರಾತ್ರಿ ಹೆರಿಗೆ ಮುಗಿಸಿ ಹಳೆ ಮದರಾಸು ರಸ್ತೆಯಲ್ಲಿ ಬರುತ್ತಿದ್ದಾಗ ಗಾಳಿಗೆ ದೀಪ ಆರಿತು. ಬೆಂಕಿಪೊಟ್ಟಣ ತೇವವಾಗಿತ್ತು. ಇನ್ನೇನು ಒಂದು ಮೈಲಿ ಎಂದು ಹಾಗೆಯೇ ತುಳಿದಳು. ಹಿಂದಿನಿಂದ ಲಾರಿ ಬಂತು. ಬ್ರೇಕಿನ ಕಿರುಚಾಟ ಕೇಳಿ ಅವಳು ಸೈಕಲ್ ಸಮೇತ ಹುಣಿಸೆಮರದ ಬುಡಕ್ಕೆ ಬಿದ್ದಳು. ಲಾರಿ ಡ್ರೈವರ್ ಇಳಿದು ಬಂದ. ಚಿಕ್ಕಮ್ಮನಿಗಿಂತ ಹೆಚ್ಚಾಗಿ ಅವನೇ ನಡುಗುತ್ತಿದ್ದನಂತೆ. “ಕುಂದೇಲು ಅನುಕುನ್ನಾನಮ್ಮಾ” ಎಂದನಂತೆ. ಮೊಲವೆಂದುಕೊಂಡೆ, ತಾಯಿ. ಎರಡು ಬಿಳಿ ಮೊಲ ಒಂದಾದ ಮೇಲೊಂದು ನೆಗೆಯುತ್ತಿವೆ ಎಂದುಕೊಂಡೆ, ಮರುಕ್ಷಣದಲ್ಲಿ ಇದು ಮನುಷ್ಯರ ಕಾಲು ಎಂದು ಹೊಳೆಯಿತು ಎಂದನಂತೆ.

ಅದೇ ವರ್ಷ ಮಳೆಗಾಲದಲ್ಲಿ, ಅದೇ ರಸ್ತೆಯಲ್ಲಿ, ಚಿಕ್ಕಮ್ಮನ ಜೊತೆ ಕೆಲಸ ಮಾಡುತ್ತಿದ್ದ ಕಾಂಪೌಂಡರ್ ಸತ್ತುಹೋದ. ಅವನ ಸೈಕಲ್ಲಿಗೂ ದೀಪವಿರಲಿಲ್ಲ, ತೊಟ್ಟದ್ದು ಖಾಕಿ ಪ್ಯಾಂಟು. ಅವನ ಹೆಂಡತಿಗೆ ಆಗ ಏಳು ತಿಂಗಳು. ಆ ಹೆರಿಗೆಗೂ ಚಿಕ್ಕಮ್ಮನೇ ಹೋದಳು. ಆ ದಿನದಿಂದ ಅವಳು ಕಾಲಿಗೆ ಬಟ್ಟೆ ಕಟ್ಟುವಾಗ ಸೀರೆಯ ವಿಷಯ ಹೇಳುತ್ತಿರಲಿಲ್ಲ.

ಡ್ರೈವರನಿಗೆ ಹೊಳೆದದ್ದು ಏನೆಂಬುದಕ್ಕೆ ವಿವರಣೆ ನನಗೆ ಸಿಕ್ಕಿದ್ದು ಬಹಳ ವರ್ಷಗಳ ನಂತರ. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ ಎಂಬ ಮನಶ್ಶಾಸ್ತ್ರಜ್ಞ 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದ. ಮನುಷ್ಯನ ಕೀಲುಗಳಿಗೆ ಮಾತ್ರ ಪುಟ್ಟ ದೀಪಗಳನ್ನು ಅಂಟಿಸಿ ಕತ್ತಲಲ್ಲಿ ನಡೆಸಿದ. ಸುಮ್ಮನೆ ನಿಂತಾಗ ನೋಡುವವರಿಗೆ ಅವು ಬರಿಯ ಚುಕ್ಕಿಗಳು. ಚಲಿಸಿದ ಕೂಡಲೇ ಇವನೊಬ್ಬ ನಡೆಯುವ ಮನುಷ್ಯ ಎಂದು ಎಲ್ಲರೂ ಹೇಳಿದರು. ಮೈ ಕಾಣಬೇಕಾಗಿಯೇ ಇಲ್ಲ, ಮೈಯ ಚಲನೆ ಕಂಡರೆ ಸಾಕು. ಸೈಕಲ್ಲಿನ ಹಿಂದೆ ಒಂದೇ ಕಡೆ ಉರಿಯುವ ಕೆಂಪು ದೀಪ ದೂರದಿಂದ ಏನೋ ಒಂದು ಬೆಳಕು. ಏರಿ ಇಳಿಯುವ ಎರಡು ದೀಪ ಎಂದರೆ ಅಲ್ಲೊಂದು ಜೀವ ತುಳಿಯುತ್ತಿದೆ ಎಂದರ್ಥ. ಹಳೆಯ ಸೈಕಲ್ಲುಗಳ ಪೆಡಲಿನ ಮುಂದೆ ಹಿಂದೆ ಕಿತ್ತಳೆ ಬಣ್ಣದ ಪಟ್ಟಿ ಕೂರಿಸುತ್ತಿದ್ದುದರ ಲಾಭವೂ ಇದೇ.

ನಾವು ಅದನ್ನು ರೇಡಿಯಂ ಎನ್ನುತ್ತೇವೆ. ಅದರಲ್ಲಿ ರೇಡಿಯಂ ಇಲ್ಲ, ತನ್ನ ಬೆಳಕೂ ಇಲ್ಲ. ಎದುರಿನ ದೀಪದ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. ನಿಜವಾದ ರೇಡಿಯಂ ಬಣ್ಣವನ್ನು ಗಡಿಯಾರದ ಮುಳ್ಳುಗಳಿಗೆ ಬಳಿಯುತ್ತಿದ್ದರು. 1917ರ ನಂತರ ಅಮೆರಿಕದ ಕಾರ್ಖಾನೆಗಳಲ್ಲಿ ಆ ಕೆಲಸ ಮಾಡಿದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಾ ವಿಷ ತಿಂದು, ದವಡೆ ಕೊಳೆತು ಸತ್ತರು. ಆ ಹೆಸರನ್ನು ಮಾತ್ರ ನಾವು ಇಂದಿಗೂ ಸ್ಟಿಕ್ಕರಿಗೆ ಹೇಳುತ್ತಿದ್ದೇವೆ.

ಪಂದ್ಯದ ಸೈಕಲ್ಲಿನವರು ಈ ಪಟ್ಟಿಯನ್ನು ಕಳಚಿಹಾಕಿದರು. ಮೊದಲು ಅವರ ಪೆಡಲಿಗೆ ಬೆರಳು ತೂರಿಸುವ ಲೋಹದ ಪಂಜರ, ಅದಕ್ಕೊಂದು ಚರ್ಮದ ಪಟ್ಟಿ ಇರುತ್ತಿದ್ದವು. ಅದೇ ಕ್ಲಿಪ್ಪು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಹಿಮದಲ್ಲಿ ಜಾರುವವರ ಪಾದರಕ್ಷೆಯ ಬಿಗಿತವನ್ನು ನೋಡಿಕೊಂಡು, ಬೂಟಿನ ಅಡಿಯ ತುಂಡೇ ಪೆಡಲಿಗೆ ಟಕ್ಕೆಂದು ಕಚ್ಚಿಕೊಳ್ಳುವ ಹಾಗೆ ಮಾಡಿತು. ಮರುವರ್ಷ ಬರ್ನಾರ್ಡ್ ಇನೋ ಅದನ್ನೇ ತುಳಿದು ಟೂರ್ ಡ ಫ್ರಾನ್ಸ್ ಗೆದ್ದ. 1990ರಲ್ಲಿ ಜಪಾನಿನ ಶಿಮಾನೋದವರದೂ ಬಂತು. ಕಾಲು ಕಚ್ಚಿಕೊಳ್ಳುವ ಈ ಪೆಡಲಿಗೆ ಹೆಸರು ಕ್ಲಿಪ್‌ಲೆಸ್, ಎಂದರೆ ಕ್ಲಿಪ್ಪಿಲ್ಲದ್ದು! ಹಳೆಯ ಪಂಜರ ಹೋಯಿತೆಂಬ ಕಾರಣಕ್ಕೆ ಆ ಹೆಸರು. ಹಿಮ್ಮಡಿಯನ್ನು ಹೊರಗೆ ತಿರುಚಿದರೆ ಬಿಡುತ್ತದೆ. ಬಿಡಿಸಿಕೊಳ್ಳಲು ಮರೆತು ಸಿಗ್ನಲಿನಲ್ಲಿ ನಿಂತಲ್ಲೇ ಉರುಳಿಬಿದ್ದದ್ದನ್ನು ಮೊಮ್ಮಗಳು ತಾನೇ ನಗುತ್ತಾ ಹೇಳಿದಳು. ಪೆಡಲ್ ಇಷ್ಟು ಸಣ್ಣದಾದ ಮೇಲೆ ಕಿತ್ತಳೆ ಪಟ್ಟಿಗೆ ಜಾಗವೆಲ್ಲಿ? ಹೀಗೆ ವೇಗಕ್ಕಾಗಿ ಕಳೆದುಕೊಂಡದ್ದನ್ನು ಈಚಿನ ಕೆಲವು ವರ್ಷಗಳಿಂದ ಎಲ್‌ಇಡಿ ದೀಪದ ರೂಪದಲ್ಲಿ ಪೆಡಲಿನೊಳಗೇ ಮರಳಿ ಕೂರಿಸುತ್ತಿದ್ದಾರೆ. ಮೊಬೈಲಿನಂತೆ ಚಾರ್ಜು ಮಾಡಿದರಾಯಿತು, ಡೈನಮೋದ ಗೊಣಗಾಟವಿಲ್ಲ, ನಿಂತರೂ ಉರಿಯುತ್ತದೆ.

ನಾನು ಶ್ರೀನಿವಾಸಪುರದಲ್ಲಿ ಹೈಸ್ಕೂಲು ಟೀಚರಾಗಿದ್ದವಳು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಶಾಲೆಯಂಗಳ ಜಾತ್ರೆಯಾಗಿತ್ತು. 1991-92ರಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರೆಂದು ಓದಿ ಹೊಟ್ಟೆಕಿಚ್ಚುಪಟ್ಟಿದ್ದ ನನಗೆ, ನಮ್ಮ ಹುಡುಗಿಯರೂ ಮಾವಿನ ತೋಪುಗಳ ನಡುವೆ ಸಾಲಾಗಿ ಹೋಗುವುದನ್ನು ನೋಡಿ ಕಣ್ಣು ತುಂಬಿತ್ತು. ಏಳನೆಯದಕ್ಕೇ ಶಾಲೆ ಬಿಡುತ್ತಿದ್ದವರು ಹತ್ತನೆಯದರವರೆಗೆ ಬಂದರು. ಹತ್ತನೆಯವರಿಗೆ ಸಂಜೆ ವಿಶೇಷ ತರಗತಿ ಇಟ್ಟವಳೂ ನಾನೇ. ಚಳಿಗಾಲದಲ್ಲಿ ಆರು ಗಂಟೆಗೆ ಕತ್ತಲು. ನಮ್ಮಲ್ಲಿ ಮಾರುವ ಹೆಚ್ಚಿನ ಸೈಕಲ್ಲುಗಳಂತೆ ಅವಕ್ಕೂ ದೀಪವಿರಲಿಲ್ಲ. ಪೆಡಲಿನ ಪಟ್ಟಿಗಳು ತಿಂಗಳೊಪ್ಪತ್ತಿನಲ್ಲಿ ಉದುರಿಹೋಗುತ್ತಿದ್ದವು.

ಒಂದು ಡಿಸೆಂಬರಿನಲ್ಲಿ ನನ್ನ ತರಗತಿ ಮುಗಿಸಿ ಹೊರಟ ಹುಡುಗಿಗೆ ಟೆಂಪೋ ತಾಗಿತು. ಪ್ರಾಣಕ್ಕೇನೂ ಆಗಲಿಲ್ಲ, ತೊಡೆಯ ಮೂಳೆ ಮುರಿಯಿತು. ನೋಡಲು ಹೋದಾಗ ಅವಳ ತಾಯಿ ನನ್ನನ್ನು ಬೈಯಲಿಲ್ಲ. ಕಾಫಿ ಕೊಟ್ಟು, “ಇನ್ನು ಸಾಕು ಬಿಡಿ ಟೀಚರ್, ಓದಿದ್ದು” ಎಂದಳು. ಹುಡುಗಿ ಪರೀಕ್ಷೆಗೆ ಕೂರಲಿಲ್ಲ. ಚಿಕ್ಕಮ್ಮನ ಬಟ್ಟೆಯ ಕಥೆಯನ್ನು ಮನೆಮಂದಿಗೆಲ್ಲ ಹೇಳಿ ನಗಿಸಿದ್ದ ನನಗೆ, ತರಗತಿಯಲ್ಲಿ ಅದನ್ನೊಮ್ಮೆ ಹೇಳಬೇಕೆಂದು ಹೊಳೆದಿರಲಿಲ್ಲವಲ್ಲ! ಮರುದಿನದಿಂದ ವಿಶೇಷ ತರಗತಿಯನ್ನು ಬೆಳಿಗ್ಗೆಗೆ ಬದಲಾಯಿಸಿದೆ. ಆದರೆ ಆ ಬೆಂಚಿನ ಮೂಲೆ ಮಾರ್ಚಿನವರೆಗೂ ಖಾಲಿಯೇ ಇತ್ತು.

ಸೈಕಲ್ಲಿನ ರಿಫ್ಲೆಕ್ಟರುಗಳಿಗೆ ಐಎಸ್‌ಐ ಗುಣಮಟ್ಟ ಇರಬೇಕೆಂದು ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಮಾಡಿತು. ಅದೇ ವರ್ಷ ಕೋವಿಡ್ ಬಂದು ಶಾಲೆಗಳ ಸೈಕಲ್ ಹಂಚಿಕೆ ನಿಂತುಹೋಯಿತು.

ಮೊಮ್ಮಗಳು ಹಬ್ಬದ ಮಾರನೆಯ ಸಂಜೆ ಅಂತರಗಂಗೆಯ ಕಡೆಗೆ ಹೊರಟಳು. ತಡೆಯಬೇಕೆಂದಿದ್ದ ಬಾಯಿಯನ್ನು ಕಚ್ಚಿ ಹಿಡಿದುಕೊಂಡು ಗೇಟಿನಲ್ಲಿ ನಿಂತೆ. ತಿರುವಿನವರೆಗೂ ಎರಡು ಕೆಂಪು ಚುಕ್ಕಿ ಏರಿ ಇಳಿಯುವುದು ಕಾಣುತ್ತಿತ್ತು. ಅವಳು ಬಂದ ಮೇಲೆ ಆ ಪೆಡಲಿನ ಬೆಲೆ ಕೇಳಿದೆ. ಹೇಳಿದಳು. ಅಷ್ಟಕ್ಕೆ ಎರಡು ಸೈಕಲ್ ಬರುತ್ತವೆ.

ಮರುದಿನ ಕೋಲಾರದ ಪೇಟೆಗೆ ಹೋಗಿ, ಲಾರಿಗಳ ಬೆನ್ನಿಗೆ ರೇಡಿಯಂ ಅಂಟಿಸುವ ಅಂಗಡಿಯಲ್ಲಿ ಕೇಳಿದೆ. ಮೀಟರಿನ ಲೆಕ್ಕದಲ್ಲಿ ಕತ್ತರಿಸಿಕೊಡುತ್ತಾರೆ. ನಮ್ಮ ಬೀದಿಗೆ ಹಾಲು ಹಾಕುವ ಹುಡುಗಿ ಮುಂಜಾನೆ ನಾಲ್ಕೂವರೆಗೆ ಕ್ಯಾನು ಕಟ್ಟಿಕೊಂಡು ಹೊರಡುತ್ತಾಳೆ. ಅವಳ ಪೆಡಲಿಗೆ ಸುತ್ತಿ, ಎರಡೂ ಚಪ್ಪಲಿಯ ಹಿಮ್ಮಡಿಗೂ ಅಂಟಿಸಿದೆ. “ಇದೇನಮ್ಮಾ, ಲಾರಿಗೆ ಹಾಕೋದನ್ನ ನನಗೆ ಹಾಕ್ತಿದೀರಾ?” ಎಂದು ನಕ್ಕಳು. ಅರ್ಧ ಮೀಟರು ತರಲು ಹೋದವಳು ಎರಡು ಮೀಟರು ತಂದಿದ್ದೆ. ಉಳಿದದ್ದು ಬಾಗಿಲ ಪಕ್ಕದ ಗೂಡಿನಲ್ಲಿ, ಕತ್ತರಿಯ ಜೊತೆಗೆ ಇದೆ.