ನೆರಳಿನ ಆಟ: ತೊಗಲುಗೊಂಬೆಯಿಂದ ‘ಲಿಂಬೊ’ವರೆಗೆ

ತೋರಣಗಲ್ಲಿನಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದಿಲ್ಲ. ಉಕ್ಕಿನ ಕಾರ್ಖಾನೆಯ ದೀಪಗಳ ಬೆಳಕು ಗಾಳಿಯಲ್ಲಿ ಚದರಿ ಆಕಾಶದ ಒಂದು ಅಂಚು ಸದಾ ಮಂಕಾಗಿ ಹೊಳೆಯುತ್ತಿರುತ್ತದೆ. ಆ ಹೊಳಪಿನ ಮುಂದೆ ಸುತ್ತಲಿನ ಬಂಡೆಗುಡ್ಡಗಳು ಕರಿಯ ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಒಂದು ಬೇಸಿಗೆ ರಜೆಯಲ್ಲಿ ಮನೆಗೆ ಬಂದಿದ್ದ ನನ್ನ ತಂಗಿಯ ಮಗ ಇಂಥದೇ ರಾತ್ರಿ ತನ್ನ ಲ್ಯಾಪ್‌ಟಾಪ್ ತೆರೆದು, “ಮಾಮ, ಲೈಟ್ ಆಫ್ ಮಾಡ್ರಿ, ಒಂದು ಆಟ ತೋರಿಸ್ತೀನಿ” ಎಂದ.

ಪರದೆಯ ಮೇಲೆ ಬಣ್ಣವೇ ಇರಲಿಲ್ಲ. ಮಂಜು ಕವಿದ ಕಾಡು, ಕಪ್ಪು ಮರಗಳು, ಅವುಗಳ ನಡುವೆ ಒಬ್ಬ ಪುಟ್ಟ ಹುಡುಗ. ಅವನಿಗೆ ಮುಖವಿಲ್ಲ, ಎರಡು ಬಿಳಿ ಚುಕ್ಕೆಗಳಂಥ ಕಣ್ಣುಗಳಷ್ಟೇ ಇವೆ. ಸಂಗೀತವಿಲ್ಲ, ಗಾಳಿಯ ಸದ್ದು ಮತ್ತು ಹೆಜ್ಜೆಯ ಸದ್ದು ಮಾತ್ರ. ಮರದ ಹಿಂದಿನಿಂದ ಜೇಡವೊಂದರ ಉದ್ದನೆಯ ಕಾಲು ನಿಧಾನವಾಗಿ ಚಾಚಿಕೊಂಡಾಗ, ಬೆಳಕಿನ ಪಾಠವನ್ನು ಎಷ್ಟೋ ವರ್ಷ ಬೋಧಿಸಿದ ನಾನು ಕುರ್ಚಿಯಲ್ಲಿ ಹಿಂದೆ ಸರಿದೆ! ನೆರಳೆಂದರೆ ಬೆಳಕು ಬೀಳದ ಜಾಗ, ಅಷ್ಟೆ. ಏನೂ ಇಲ್ಲದ ಆ ಜಾಗಕ್ಕೆ ನಾವು ಹೆದರುವುದೇಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ದಾರಿ ನಮ್ಮದೇ ಸೀಮೆಯ ಒಂದು ಹಳೆಯ ಪರದೆಯ ಬಳಿಗೆ ಕರೆದೊಯ್ಯುತ್ತದೆ.

ದೀಪ, ತೊಗಲು, ಪರದೆ

ತೋರಣಗಲ್ಲಿನಿಂದ ಹೊಸಪೇಟೆ ದಾಟಿ ಹಂಪಿಗೆ ಹೋದವರು ವಿರೂಪಾಕ್ಷ ದೇವಾಲಯದ ಒಂದು ಕತ್ತಲ ಕೋಣೆಯನ್ನು ನೋಡಿರಬಹುದು. ಅಲ್ಲಿನ ಗೋಡೆಯ ಮೇಲೆ ಸುಮಾರು 50 ಮೀಟರ್ ಎತ್ತರದ ರಾಜಗೋಪುರದ ಬಿಂಬ ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರವಾಗಿ ಚಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇದೇ ನಿಯಮವನ್ನು ತಿರುಗಿಸಿ ಹಿಡಿದದ್ದು ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟ. ಕೋಣೆಯಲ್ಲಿ ರಂಧ್ರವನ್ನು ಬಿಟ್ಟು ಉಳಿದೆಡೆ ಬೆಳಕನ್ನು ತಡೆಯಲಾಗುತ್ತದೆ. ಆಟದಲ್ಲಿ ಗೊಂಬೆ ಇರುವೆಡೆ ಮಾತ್ರ ತಡೆಯಲಾಗುತ್ತದೆ.

ಈ ಕಲೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಕಿಳ್ಳೇಕ್ಯಾತ ಸಮುದಾಯದವರು. ಮೇಕೆಯ ಚರ್ಮವನ್ನು (ಹಿಂದೆ ಜಿಂಕೆಯದನ್ನೂ) ಹದಮಾಡಿ, ತೆಳುವಾಗಿಸಿ, ಬಣ್ಣ ಹಚ್ಚಿ, ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು ಗೊಂಬೆ ಮಾಡುತ್ತಾರೆ. ಹದಗೊಂಡ ತೊಗಲು ಅರೆಪಾರಕ. ಆದ್ದರಿಂದ ಅದು ಬೀಳಿಸುವುದು ಕಪ್ಪು ನೆರಳನ್ನಲ್ಲ, ಬಣ್ಣದ ನೆರಳನ್ನು. ಕೆಂಪು ಬಳಿದ ಭಾಗ ಉಳಿದ ಬಣ್ಣಗಳನ್ನು ಹೀರಿ ಕೆಂಪನ್ನು ಮಾತ್ರ ಆಚೆಗೆ ಬಿಡುತ್ತದೆ.

ಗೊಂಬೆಯನ್ನು ಪರದೆಗೆ ತಾಗಿಸಿ ಹಿಡಿಯುವುದೇಕೆ? ಸಣ್ಣದೊಂದು ಲೆಕ್ಕ ಮಾಡೋಣ. ದೀಪದ ಜ್ವಾಲೆ 2 ಸೆಂ.ಮೀ. ಅಗಲ, ದೀಪದಿಂದ ಪರದೆಗೆ 100 ಸೆಂ.ಮೀ. ಎಂದುಕೊಳ್ಳಿ. ಗೊಂಬೆ ಪರದೆಯಿಂದ 5 ಸೆಂ.ಮೀ. ದೂರವಿದ್ದರೆ ನೆರಳಿನ ಅಂಚಿನ ಮಸುಕು, ಅಂದರೆ ಅರೆನೆರಳಿನ ಅಗಲ, 2×5/95, ಸುಮಾರು 1 ಮಿ.ಮೀ. ಮಾತ್ರ. ಅದೇ ಗೊಂಬೆಯನ್ನು 50 ಸೆಂ.ಮೀ. ಹಿಂದಕ್ಕೆ ತಂದರೆ ಮಸುಕು 2 ಸೆಂ.ಮೀ. ಆಗುತ್ತದೆ, ನೆರಳು ಇಮ್ಮಡಿ ದೊಡ್ಡದಾಗುತ್ತದೆ. ಪಾತ್ರ ಸ್ಪಷ್ಟವಾಗಿ ಕಾಣಬೇಕೆಂದರೆ ಗೊಂಬೆ ಪರದೆಯ ಬಳಿ ಇರಬೇಕು. ದೈತ್ಯನಂತೆ ಹಿಗ್ಗಿ, ಆಕಾರ ಕಳೆದುಕೊಂಡು ಭಯ ಹುಟ್ಟಿಸಬೇಕೆಂದರೆ ದೀಪದ ಕಡೆ ಸರಿಯಬೇಕು. ಜ್ಯಾಮಿತಿಯ ಈ ಪಾಠವನ್ನು ಗೊಂಬೆಯಾಡಿಸುವವರ ಕೈ ಪುಸ್ತಕವಿಲ್ಲದೆ ಕಲಿತಿತ್ತು.

ಆಸಿಲೋಸ್ಕೋಪಿನಿಂದ ಪ್ಲಾಟ್‌ಫಾರ್ಮಿಗೆ

ಬಟ್ಟೆಯ ಪರದೆಯಿಂದ ಗಾಜಿನ ಪರದೆಗೆ ಬಂದಾಗಲೂ ಮೊದಲ ಹೆಜ್ಜೆಗಳಲ್ಲಿ ಒಬ್ಬ ಭೌತವಿಜ್ಞಾನಿ ಸಿಗುತ್ತಾರೆ. 1958ರಲ್ಲಿ ಅಮೆರಿಕದ ಬ್ರುಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಂ ಅವರು ಪ್ರದರ್ಶನಕ್ಕೆ ಬರುವ ಜನರಿಗಾಗಿ ‘ಟೆನಿಸ್ ಫಾರ್ ಟು’ ಎಂಬ ಆಟವನ್ನು ರೂಪಿಸಿದರು. ಅನಲಾಗ್ ಕಂಪ್ಯೂಟರ್ ಚೆಂಡಿನ ಪಥವನ್ನು ಲೆಕ್ಕ ಹಾಕುತ್ತಿತ್ತು, ಆಸಿಲೋಸ್ಕೋಪ್ ಅದನ್ನು ಬೆಳಕಿನ ಚುಕ್ಕೆಯಾಗಿ ತೋರಿಸುತ್ತಿತ್ತು.

ಮಟ್ಟದಿಂದ ಮಟ್ಟಕ್ಕೆ ಹತ್ತುವ, ನೆಗೆಯುವ ಆಟಗಳು ಬಂದದ್ದು 1980ರ ಸುಮಾರಿಗೆ. ಇವನ್ನು ಪ್ಲಾಟ್‌ಫಾರ್ಮ್ ಆಟಗಳೆನ್ನುತ್ತಾರೆ. (ತೋರಣಗಲ್ಲು ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೂ ಇದಕ್ಕೂ ಸಂಬಂಧವಿಲ್ಲ, ಇಲ್ಲಿ ಅದರ ಅರ್ಥ ನಿಲ್ಲಲು ಸಿಗುವ ಕಟ್ಟೆ.) 1981ರ ‘ಡಾಂಕಿ ಕಾಂಗ್’, 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಈ ಬಗೆಯನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದವು.

ಆಗ ಮೆಮೊರಿ ಬಹಳ ದುಬಾರಿ. ಡೇವಿಡ್ ಕ್ರೇನ್ ಅವರ ‘ಪಿಟ್‌ಫಾಲ್’ (1982) ಕೇವಲ 4 ಕಿಲೋಬೈಟಿನಲ್ಲಿ ಅಡಗಿತ್ತು. ಆದರೂ ಅದರ ಕಾಡಿನಲ್ಲಿ 255 ದೃಶ್ಯಗಳಿದ್ದವು. ಅವುಗಳ ಚಿತ್ರಗಳನ್ನು ಕೂಡಿಡಲು ಜಾಗವೆಲ್ಲಿ? ಎಂಟು ಬಿಟ್‌ಗಳ ಒಂದು ಸಂಖ್ಯೆಯನ್ನು ನಿಯಮದಂತೆ ಸರಿಸುತ್ತ ಹೋದರೆ ಸೊನ್ನೆಯೊಂದನ್ನು ಬಿಟ್ಟು ಎಲ್ಲ 255 ಬೆಲೆಗಳೂ ಒಂದಾದ ಮೇಲೊಂದು ಬರುತ್ತವೆ. ಆ ಸಂಖ್ಯೆಯೇ ಎಲ್ಲಿ ಮರ, ಎಲ್ಲಿ ಹಳ್ಳ ಎಂದು ಹೇಳುತ್ತಿತ್ತು. ಕಾಡನ್ನು ಕೂಡಿಡುವ ಬದಲು ಕಾಡಿನ ಸೂತ್ರವನ್ನು ಕೂಡಿಟ್ಟಿದ್ದರು!

ಬಡತನದಿಂದ ಹುಟ್ಟಿದ ನೆರಳು

ನಾನು ವಿದ್ಯಾರ್ಥಿಯಾಗಿದ್ದ 1990ರ ದಶಕದಲ್ಲಿ ಕಂಪ್ಯೂಟರ್ ಕೊಠಡಿಯಲ್ಲಿ ಮೇಷ್ಟ್ರು ಇಲ್ಲದ ಹೊತ್ತು ನಾವು ಆಡುತ್ತಿದ್ದದ್ದು ‘ಪ್ರಿನ್ಸ್ ಆಫ್ ಪರ್ಷಿಯಾ’. ಜೋರ್ಡನ್ ಮೆಕ್ನರ್ ಇದನ್ನು 1989ರಲ್ಲಿ ಆಪಲ್-2 ಯಂತ್ರಕ್ಕಾಗಿ ಹೊರತಂದರು. ತಮ್ಮನ ಓಟ, ನೆಗೆತಗಳನ್ನು ವಿಡಿಯೊ ಚಿತ್ರೀಕರಿಸಿ, ಚೌಕಟ್ಟು ಚೌಕಟ್ಟಾಗಿ ಬಿಡಿಸಿಕೊಂಡದ್ದರಿಂದ ರಾಜಕುಮಾರನ ಚಲನೆಗೆ ಜೀವ ಬಂದಿತ್ತು. ಆದರೆ ಆ ಚಿತ್ರಗಳೇ ಮೆಮೊರಿಯನ್ನೆಲ್ಲ ನುಂಗಿ, ಎದುರಾಳಿಯೊಬ್ಬನಿಗೆ ಜಾಗ ಉಳಿಯಲಿಲ್ಲ.

ಪರಿಹಾರ ಸೊಗಸಾಗಿತ್ತು. ರಾಜಕುಮಾರನ ಚಿತ್ರವನ್ನು ಒಂದು ಬಿಟ್‌ನಷ್ಟು ಸರಿಸಿ, ಮೂಲ ಚಿತ್ರದೊಡನೆ ‘ಎಕ್ಸ್‌ಕ್ಲೂಸಿವ್ ಆರ್’ ಎಂಬ ತರ್ಕಕ್ರಿಯೆಗೆ ಒಳಪಡಿಸಿದರು. ಎರಡು ಬಿಟ್‌ಗಳೂ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. ಹೀಗೆ ಮಾಡಿದಾಗ ಮೈಯ ಒಳಭಾಗ ಅಳಿದು ಅಂಚುಗಳಷ್ಟೇ ಮಿನುಗುತ್ತವೆ. ಹೆಚ್ಚಿನ ಚಿತ್ರಗಳಿಲ್ಲದೆಯೇ ಹೊಸ ಪಾತ್ರ ಸಿಕ್ಕಿತು: ಕನ್ನಡಿಯಿಂದ ಹೊರನೆಗೆದು ಬರುವ ರಾಜಕುಮಾರನ ನೆರಳು. ಆ ನೆರಳಿಗೆ ಕತ್ತಿಯಿಂದ ಹೊಡೆದರೆ ಏಟು ನಮಗೇ ಬೀಳುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಎದುರು ನಡೆದರೆ ಅದು ನಮ್ಮೊಳಗೆ ಸೇರಿಹೋಗುತ್ತದೆ. ಇದನ್ನು ಕಂಡುಕೊಳ್ಳಲು ನಮಗೆ ಹಲವು ಸಂಜೆಗಳು ಬೇಕಾದವು.

ಬೇಕೆಂದೇ ಆರಿಸಿಕೊಂಡ ನೆರಳು

ಡೆನ್ಮಾರ್ಕಿನ ಪ್ಲೇಡೆಡ್ ಸಂಸ್ಥೆಯ ‘ಲಿಂಬೊ’ 2010ರಲ್ಲಿ ಬಂದಾಗ ಮೆಮೊರಿಯ ಬಡತನ ತೀರಿತ್ತು. ಕೋಟಿಗಟ್ಟಲೆ ಬಣ್ಣ ತೋರಿಸಬಲ್ಲ ಯಂತ್ರದ ಮುಂದೆ ಕುಳಿತು ನಿರ್ದೇಶಕ ಆರ್ನ್ಟ್ ಯೆನ್ಸನ್ ಬಣ್ಣವನ್ನೇ ಬಿಟ್ಟುಕೊಟ್ಟರು. ಅವರಿಗೂ ಮೊದಲು, 1926ರಲ್ಲಿ, ಜರ್ಮನಿಯ ಲೊಟ್ಟೆ ರೈನಿಗರ್ ಕತ್ತರಿಸಿದ ಕಪ್ಪು ಆಕೃತಿಗಳಿಂದಲೇ ‘ರಾಜಕುಮಾರ ಅಹ್ಮದ್‌’ನ ಸಾಹಸಗಳ ಪೂರ್ಣಾವಧಿ ಚಿತ್ರ ತಯಾರಿಸಿದ್ದರು.

ಲಿಂಬೊದ ದೃಶ್ಯದಲ್ಲಿ ಹತ್ತಿರದ ವಸ್ತು ಕಡುಗಪ್ಪು. ದೂರ ಹೋದಂತೆ ಬೂದು, ಮಸುಕು, ಕೊನೆಗೆ ಬಿಳಿ ಮಂಜು. ಸಂಡೂರಿನ ಬೆಟ್ಟಸಾಲನ್ನು ಮಳೆಗಾಲದ ಮುಂಜಾನೆ ನೋಡಿದವರಿಗೆ ಇದು ಪರಿಚಿತ. ನಡುವಿನ ಗಾಳಿ ಬೆಳಕನ್ನು ಚದರಿಸುವುದರಿಂದ ಹಿಂದಿನ ಸಾಲುಗಳು ತೆಳುವಾಗುತ್ತ ಹೋಗುತ್ತವೆ. ಮಿದುಳು ಈ ತೆಳುವನ್ನೇ ದೂರವೆಂದು ಓದುತ್ತದೆ. ಕಪ್ಪು ಆಕೃತಿ ಮಾತ್ರ ಹೊರ ಅಂಚಿನ ಹೊರತು ಬೇರೇನನ್ನೂ ಹೇಳುವುದಿಲ್ಲ. ಅದು ಕೊಂಬೆಯೋ ಕಾಲೋ? ಮಾಹಿತಿ ಸಾಲದಿದ್ದಾಗ ಮನಸ್ಸು ಅಪಾಯದ ಊಹೆಯನ್ನೇ ಮೊದಲು ಆರಿಸಿಕೊಳ್ಳುತ್ತದೆ. ನನ್ನನ್ನು ಹಿಂದೆ ಸರಿಸಿದ್ದು ಈ ಊಹೆಯೇ.

ಆಟದೊಳಗಿನ ಭೌತವಿಜ್ಞಾನ

ಲಿಂಬೊ ಒಗಟಿನ ಆಟವೂ ಹೌದು. ಪೆಟ್ಟಿಗೆ ಎಳೆಯಬೇಕು, ಹಗ್ಗ ಹಿಡಿದು ತೂಗಬೇಕು, ನೀರು ಏರುವ ಮೊದಲು ಹತ್ತಬೇಕು. ಮುಂದೆ ವಿದ್ಯುತ್ತು, ಅಯಸ್ಕಾಂತ, ತಲೆಕೆಳಗಾಗುವ ಗುರುತ್ವ ಎಲ್ಲವೂ ಬರುತ್ತವೆ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್ ಒಂದು ಸೆಕೆಂಡನ್ನು 30 ಅಥವಾ 60 ಭಾಗ ಮಾಡಿ, ಪ್ರತಿ ಭಾಗದಲ್ಲೂ ವೇಗಕ್ಕೆ ಗುರುತ್ವದ ಪಾಲನ್ನು, ಸ್ಥಾನಕ್ಕೆ ವೇಗದ ಪಾಲನ್ನು ಕೂಡಿಸುತ್ತದೆ. ಗ್ರಹಗಳ ಕಕ್ಷೆಯನ್ನು ಹಂತಹಂತವಾಗಿ ಗುಣಿಸುವ ವಿಧಾನವೂ ಇದೇ ಜಾತಿಯದು. 2006ರಲ್ಲಿ ಎರಿನ್ ಕ್ಯಾಟೊ ಹೊರತಂದ ‘ಬಾಕ್ಸ್-ಟೂಡಿ’ ತಂತ್ರಾಂಶ ಈ ಲೆಕ್ಕವನ್ನು ಯಾರು ಬೇಕಾದರೂ ಬಳಸುವಂತೆ ಮಾಡಿತು. ‘ಆಂಗ್ರಿ ಬರ್ಡ್ಸ್’ ಹಾರಿದ್ದು ಇದರ ಮೇಲೆಯೇ.

ಆಟದ ನಿಯಮ ನಿಸರ್ಗದ ನಿಯಮವಲ್ಲ ಎಂಬುದನ್ನೂ ಹೇಳಬೇಕು. ಮಾರಿಯೊ ಗಾಳಿಯಲ್ಲಿರುವಾಗಲೇ ದಿಕ್ಕು ಬದಲಿಸುತ್ತಾನೆ. ನ್ಯೂಟನ್ ಇದಕ್ಕೆ ಒಪ್ಪಲಾರ. ಕೆಲವು ಆಟಗಳಲ್ಲಿ ಅಂಚು ದಾಟಿದ ಮೇಲೂ ಕ್ಷಣಾರ್ಧ ನೆಗೆಯಲು ಅವಕಾಶವಿರುತ್ತದೆ. ಆಡುವವರ ಕೈಗೆ ಹಿತವಾಗಲೆಂದು ಹೇಳುವ ಸಣ್ಣ ಸುಳ್ಳುಗಳಿವು.

ಆದರೆ ಒಂದು ವಿಷಯದಲ್ಲಿ ಲಿಂಬೊ ನಿಸರ್ಗದಷ್ಟೇ ನಿಷ್ಠುರ. ಅದು ಏನನ್ನೂ ವಿವರಿಸುವುದಿಲ್ಲ. ಹುಡುಗ ಹುಲ್ಲಿನಲ್ಲಡಗಿದ ಉರುಳಿಗೆ ಸಿಕ್ಕಿ ಸಾಯುತ್ತಾನೆ. ಮರುಕ್ಷಣ ಸ್ವಲ್ಪ ಹಿಂದಿನಿಂದ ಮತ್ತೆ ಹೊರಡುತ್ತಾನೆ. ನನ್ನ ಸೋದರಳಿಯ ಜೇಡದ ಮುಂದೆ ಹತ್ತಾರು ಸಲ ಸತ್ತ. ಪ್ರತಿ ಸಲ ಒಂದನ್ನೇ ಬದಲಿಸುತ್ತಿದ್ದ: ಒಮ್ಮೆ ನಿಂತ ಜಾಗ, ಒಮ್ಮೆ ಹೊರಡುವ ಹೊತ್ತು. ಕೊನೆಗೆ ಮರದಿಂದ ಬಿದ್ದ ಉರುಳನ್ನೇ ಎಳೆದು ತಂದು ಜೇಡದ ಕಾಲಿನ ಕೆಳಗಿಟ್ಟ.

ನೋಡುತ್ತ ನನಗೆ ನಾಚಿಕೆಯಾಯಿತು. ಪದವಿಯ ಮೊದಲ ವರ್ಷದಲ್ಲಿ ಲೋಲಕದ ಪ್ರಯೋಗ ಮಾಡಿದಾಗ ಗುರುತ್ವ ವೇಗೋತ್ಕರ್ಷ ನನಗೆ 9.4 ಬಂದಿತ್ತು. ಬೈಗುಳಕ್ಕೆ ಹೆದರಿ ರೆಕಾರ್ಡ್ ಪುಸ್ತಕದಲ್ಲಿ 9.8 ಬರುವಂತೆ ಕಾಲಾವಧಿಗಳನ್ನು ತಿದ್ದಿದ್ದೆ. (ನಮ್ಮ ಸೀಮೆಯಲ್ಲಿ ಅದರ ಬೆಲೆ ಸುಮಾರು 9.78.) ದಾರದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಕೊಕ್ಕೆಯವರೆಗೆ ಅಳೆದಿದ್ದೆ ಎಂಬುದು ತಿಳಿದದ್ದು, ನಾನೇ ಮೇಷ್ಟ್ರಾಗಿ ಆ ಪ್ರಯೋಗ ಮಾಡಿಸುವಾಗ. ತಪ್ಪನ್ನು ಮುಚ್ಚಿದ್ದರಿಂದ ಅದರೊಳಗಿದ್ದ ಪಾಠವೂ ಮುಚ್ಚಿಹೋಗಿತ್ತು. ಇಂದಿನ ವಿದ್ಯಾರ್ಥಿಗಳೂ ಹೀಗೆ ತಿದ್ದುವುದನ್ನು ಕಂಡಿದ್ದೇನೆ. ಆಟದಲ್ಲಿ ನೂರು ಸಲ ಅಂಜದೆ ಸಾಯುವ ಹುಡುಗರು ಪ್ರಯೋಗಾಲಯದಲ್ಲಿ ಒಂದು ತಪ್ಪು ಅಂಕಿಗೆ ಹೆದರುತ್ತಾರೆ. ಇದು ಅವರ ದೋಷವಲ್ಲ. ಮತ್ತೆ ಹೊರಡಲು ನಾವು ಅವಕಾಶ ಕೊಡುತ್ತಿಲ್ಲ.

ಮನೆಯಲ್ಲೇ ಮಾಡಿ ನೋಡಿ

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗಳಿಂದ ಸ್ವಾತಂತ್ರ್ಯ ಹೋರಾಟದ ಕಥೆ ಹೇಳಿ, ಈ ಕಲೆ ಹೊಸ ವಸ್ತುವನ್ನೂ ಹೊರಬಲ್ಲದೆಂದು ತೋರಿಸಿದರು. ಅವರು 2023ರಲ್ಲಿ ತೀರಿಕೊಂಡರು. ಆಡಿಸುವ ಕೈಗಳು ಕಡಿಮೆಯಾಗುತ್ತಿವೆ. ಕಂಪ್ಯೂಟರ್ ಆಟ ತಯಾರಿಸುವ ತರುಣರು ಬೆಂಗಳೂರಿನಲ್ಲಿ 1990ರ ದಶಕದಿಂದಲೂ ಇದ್ದಾರೆ. ಬಣ್ಣದ ನೆರಳೆಂಬ ನಮ್ಮ ಆಸ್ತಿ ಅವರ ಕಣ್ಣಿಗೆ ಬೀಳಬೇಕು.

ಅಲ್ಲಿಯವರೆಗೆ ಒಂದು ಟಾರ್ಚು, ಬಿಳಿ ಪಂಚೆ, ರಟ್ಟಿನ ಗೊಂಬೆ ಸಾಕು. ಗೊಂಬೆಯನ್ನು ಹಿಂದೆ ಮುಂದೆ ಸರಿಸಿ ನೆರಳಿನ ಅಳತೆ, ಅಂಚಿನ ಮಸುಕು ಬರೆದುಕೊಳ್ಳಿ. ಮೇಲಿನ ಸೂತ್ರಕ್ಕೆ ಹೊಂದದಿದ್ದರೆ ಅಂಕಿಯನ್ನು ತಿದ್ದಬೇಡಿ. ಎಲ್ಲಿ ತಪ್ಪಿತೆಂದು ಯೋಚಿಸಿ, ಮತ್ತೆ ಅಳೆಯಿರಿ. ನನ್ನ ಸೋದರಳಿಯ ಮರುದಿನ ರಾತ್ರಿ ಹೀಗೇ ಮಾಡಿದ. ಅವನ ಮೊದಲ ಐದು ಅಳತೆಗಳೂ ತಪ್ಪಿದ್ದವು. ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.