ಕಲಿಕಾ ಪರವಾನಗಿ ಪರೀಕ್ಷೆ: ಮಕ್ಕಳ ಪ್ರಯಾಣ ಸುರಕ್ಷತೆಯ ನಿಯಮಗಳು

ಭಾರತದಲ್ಲಿ ಕಲಿಕಾ ಪರವಾನಗಿ, ಅಂದರೆ ಜನರ ಬಾಯಲ್ಲಿ ಎಲ್‌ಎಲ್‌ಆರ್, ಪಡೆಯಲು ಬರೆಯಬೇಕಾದ ಪ್ರಾಥಮಿಕ ಪರೀಕ್ಷೆಗೆ ಆಧಾರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮ. ಸಂಚಾರ ಚಿಹ್ನೆ, ರಸ್ತೆ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ವಾಹನದಲ್ಲಿರಬೇಕಾದ ದಾಖಲೆಗಳು ಇದರ ಪಠ್ಯ. ಮಕ್ಕಳ ಸುರಕ್ಷತೆಗೆಂದು ಬೇರೆ ಅಧ್ಯಾಯವಿಲ್ಲ. ಸಂಬಂಧಪಟ್ಟ ವಿಧಿಗಳು ಕಾಯ್ದೆಯಲ್ಲೂ ನಿಯಮಗಳಲ್ಲೂ ಚದುರಿವೆ. ಅವುಗಳಲ್ಲಿ ಮುಖ್ಯವಾದವು 2019ರ ತಿದ್ದುಪಡಿಯಿಂದೀಚೆಗೆ ಬಂದವಾದ್ದರಿಂದ ಅದಕ್ಕಿಂತ ಹಳೆಯ ಪ್ರಶ್ನೋತ್ತರ ಪುಸ್ತಿಕೆಗಳನ್ನು ನೆಚ್ಚಿ ಓದುವಂತಿಲ್ಲ. ಅಭ್ಯರ್ಥಿಗಳು ಎಡವುವುದು ಹೆಚ್ಚಾಗಿ ವಯಸ್ಸಿನ ಅಂಕಿಗಳಲ್ಲಿ. ವಾಹನವಾರು ಓದಿಕೊಂಡರೆ ಗೊಂದಲ ಕಡಿಮೆ.

ಕಾರಿಗೆ ನೆನಪಿಡಬೇಕಾದ ಅಂಕಿ 14. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನದ ಆಸರೆ ಇರಲೇಬೇಕು. ತಪ್ಪಿದರೆ 1,000 ರೂಪಾಯಿ ದಂಡ. ಹೊಣೆ ಚಾಲಕನದು, ಹಾಗೆ ಓಡಿಸಲು ಬಿಟ್ಟವನದೂ ಹೌದು. ಈ ಕಲಮು 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಆದರೆ ಯಾವ ಮಗುವಿಗೆ ಬೆಲ್ಟ್ ಸಾಕು, ಯಾವುದಕ್ಕೆ ಆಸನ ಬೇಕು ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಇದು ಸಣ್ಣ ಕೊರತೆಯೇನಲ್ಲ. ದೊಡ್ಡವರ ಮೈಯಳತೆಗೆ ಮಾಡಿದ ಬೆಲ್ಟು ಪುಟ್ಟ ಮಗುವಿನ ಕುತ್ತಿಗೆಗೆ ಅಡ್ಡ ಬರುತ್ತದೆ. ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ನಿಲ್ಲದೆ ಹೊಟ್ಟೆಯ ಮೇಲಕ್ಕೆ ಸರಿಯುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು ಇಬ್ಬರಿಗೂ ಒಂದೇ ಬೆಲ್ಟು ಬಿಗಿದರೆ, ಡಿಕ್ಕಿಯಾದಾಗ ದೊಡ್ಡವರ ಭಾರವೆಲ್ಲ ಮಗುವನ್ನು ಬೆಲ್ಟಿಗೆ ಒತ್ತುತ್ತದೆ. ಹಸುಗೂಸಿನ ಆಸನ ಹಿಂಮುಖವಾಗಿರಬೇಕು. ವಿಶ್ವಸಂಸ್ಥೆಯ 129ನೇ ವಾಹನ ನಿಯಂತ್ರಣದಡಿ ತಯಾರಾದ ಆಸನಗಳಲ್ಲಿ ಕನಿಷ್ಠ 15 ತಿಂಗಳವರೆಗೆ ಹೀಗೆಯೇ ಕೂರಿಸಬೇಕು. ಚಾಲೂ ಇರುವ ಏರ್‌ಬ್ಯಾಗಿನ ಎದುರು ಹಿಂಮುಖ ಆಸನ ಇಡಕೂಡದು: ಉಬ್ಬುವ ಚೀಲ ಆಸನದ ಬೆನ್ನಿಗೇ ಬಡಿಯುತ್ತದೆ.

ದ್ವಿಚಕ್ರ ವಾಹನದ ಅಂಕಿ 4, ತೊಡಕಿರುವುದೂ ಇಲ್ಲೇ. 129ನೇ ಕಲಮು ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ. ಇದಷ್ಟನ್ನೇ ಓದಿದವರು ನಾಲ್ಕರೊಳಗಿನ ಮಕ್ಕಳಿಗೆ ನಿಯಮವೇ ಇಲ್ಲವೆಂದು ಉತ್ತರಿಸಿಬಿಡುತ್ತಾರೆ. ಅವರಿಗಾಗಿ 2022ರ ಫೆಬ್ರವರಿ 15ರಂದು 138ನೇ ನಿಯಮಕ್ಕೆ ತಿದ್ದುಪಡಿ ಪ್ರಕಟವಾಗಿ, ಒಂದು ವರ್ಷದ ನಂತರ ಜಾರಿಗೆ ಬಂತು. ಅದರಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು. ಸೈಕಲ್ ಸವಾರರ ಹೆಲ್ಮೆಟ್ಟೂ ನಿಗದಿತ ಮಾನಕಕ್ಕೆ ಹೊಂದಿದ್ದರೆ ನಡೆಯುತ್ತದೆ. ನಾಲ್ಕರೊಳಗಿನ ಮಗುವನ್ನು ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ಅದು 30 ಕಿಲೋ ತಡೆಯುವಂತಿರಬೇಕು. ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು.

128ನೇ ಕಲಮು ಸವಾರನ ಹಿಂದೆ ಒಬ್ಬರಿಗಷ್ಟೇ ಅವಕಾಶ ಕೊಡುತ್ತದೆ. ಪೆಟ್ರೋಲ್ ಟ್ಯಾಂಕಿನ ಮೇಲೊಂದು ಮಗು, ಅಮ್ಮನ ಮಡಿಲಲ್ಲೊಂದು ಮಗು ಎಂಬ ನಮ್ಮ ಊರುಗಳ ನಿತ್ಯದ ನೋಟ ಪ್ರಶ್ನೆಯಾಗಿ ಬಂದರೆ ಉತ್ತರ ‘ಕಾನೂನುಬಾಹಿರ’ ಎಂದೇ.

ಅಪ್ರಾಪ್ತರು ಪ್ರಯಾಣಿಕರಾಗಿರದೆ ತಾವೇ ವಾಹನ ಓಡಿಸಿ ಅಪರಾಧ ಎಸಗಿದರೆ 199ಎ ಕಲಮಿನಡಿ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ.

ಕಲಿಕಾ ಪರವಾನಗಿ ಕೈಗೆ ಬಂದ ಮೇಲೆ ಅನ್ವಯಿಸುವ 3ನೇ ನಿಯಮವನ್ನೂ ಈ ವಿಧಿಗಳ ಜೊತೆ ಓದಬೇಕು. ಬೈಕ್ ಕಲಿಯುವವರು ಬೋಧಕರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ; ಹೆಲ್ಮೆಟ್ಟು, ಪಟ್ಟಿ ಎಲ್ಲ ಇದ್ದರೂ ಮಗುವನ್ನು ಶಾಲೆಗೆ ಬಿಟ್ಟು ಬರುವುದು ತಪ್ಪೇ. ಕಾರು ಕಲಿಯುವವರಿಗೆ ಈ ನಿರ್ಬಂಧವಿಲ್ಲ. ಪಕ್ಕದಲ್ಲಿ ಪರವಾನಗಿ ಇರುವ ಬೋಧಕರಿದ್ದರೂ, ಬೆಲ್ಟ್ ಹಾಕದ ಮಗು ಹಿಂದೆ ಕೂತಿದ್ದರೆ ಸ್ಟೀರಿಂಗ್ ಹಿಡಿದವರು 194ಬಿ ಕಲಮಿಗೆ ಒಳಪಡುತ್ತಾರೆ.