ಮುಂದಿನ ವರ್ಷ ನೋಡ್ಕೊಳ್ಳೋಣ - ಓಕ್‌ಲೆಂಡಿನ ಬೇಸ್‌ಬಾಲ್ ಅಭಿಮಾನಿಗಳ ಕಥೆ

ಅಕ್ಟೋಬರ್ ಬಂತು ಅಂದ್ರೆ ಅಮೆರಿಕದಲ್ಲಿ ಬೇಸ್‌ಬಾಲ್ ಅಭಿಮಾನಿಗಳು ಎರಡು ಪಂಗಡ ಆಗಿಬಿಡ್ತಾರೆ. ನಮ್ಮ ತಂಡ ಇನ್ನೂ ಆಡ್ತಾ ಇದೆ ಅಂತ ಉಗುರು ಕಚ್ಚುತ್ತಾ ಕೂತವರು ಒಂದು ಕಡೆ. ಆರು ತಿಂಗಳು ಚೆನ್ನಾಗಿ ಆಡಿ ಪ್ಲೇಆಫ್‌ನ ಮೊದಲ ಸುತ್ತಲ್ಲೇ ಮನೆಗೆ ಬಂದ್ವಲ್ಲಪ್ಪಾ ಅಂತ ತಲೆ ಮೇಲೆ ಕೈ ಹೊತ್ತವರು ಇನ್ನೊಂದು ಕಡೆ. ಈ ಎರಡನೇ ಪಂಗಡದವರು ಎರಡು ದಿನ ಅಂಪೈರನ್ನ ಬೈತಾರೆ, ಮ್ಯಾನೇಜರನ್ನ ಬೈತಾರೆ, ಆಮೇಲೆ ಎಲ್ಲರೂ ಒಂದೇ ಮಾತಿಗೆ ಬಂದು ನಿಲ್ತಾರೆ: "ಇರ್ಲಿ ಬಿಡು, ಮುಂದಿನ ವರ್ಷ ನೋಡ್ಕೊಳ್ಳೋಣ."

2008ರಿಂದ ಕಾದು ಕಾದು 2025ರಲ್ಲಿ ಐಪಿಎಲ್ ಕಪ್ ನೋಡಿದ ಬೆಂಗಳೂರಿನವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ :-)

ಆದ್ರೆ ಆ ಮುಂದಿನ ವರ್ಷವೇ ಇಲ್ಲದೆ ಹೋದರೆ? ಅದಕ್ಕೇ ಇವತ್ತು ಓಕ್‌ಲೆಂಡಿನ ಕಥೆ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಸೇತುವೆ ದಾಟಿದರೆ ಸಿಗುವ ಊರು ಓಕ್‌ಲೆಂಡ್. ಬಂದರು, ಗೋದಾಮು, ಕಾರ್ಮಿಕರ ಊರು. ಅಲ್ಲಿನ ಬೇಸ್‌ಬಾಲ್ ತಂಡ ಅಥ್ಲೆಟಿಕ್ಸ್, ಅಭಿಮಾನಿಗಳ ಬಾಯಲ್ಲಿ ಬರೀ "ಏಸ್". 1968ರಲ್ಲಿ ಈ ಊರಿಗೆ ಬಂದದ್ದು. 1972, 73, 74 ಹೀಗೆ ಸತತ ಮೂರು ವರ್ಷ ವರ್ಲ್ಡ್ ಸೀರೀಸ್ ಗೆದ್ದರು. 1989ರಲ್ಲಿ ಮತ್ತೊಮ್ಮೆ. ಆ ಸಲ ಎದುರಾಳಿ ಪಕ್ಕದೂರಿನ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್, ಮಧ್ಯದಲ್ಲಿ ಭೂಕಂಪ ಆಗಿ ಸರಣಿ ಹತ್ತು ದಿನ ನಿಂತಿತ್ತು. ಅದೇ ಕೊನೆ. ಆಮೇಲೆ ಓಕ್‌ಲೆಂಡ್ ವರ್ಲ್ಡ್ ಸೀರೀಸ್ ಗೆಲ್ಲಲೇ ಇಲ್ಲ.

ಬೇಸ್‌ಬಾಲ್ ನೋಡದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತೆ. ಹೌದು, ನೂರಾ ಅರವತ್ತೆರಡು! ಅದರಲ್ಲಿ ಚೆನ್ನಾಗಿ ಆಡಿದವರು ಪ್ಲೇಆಫ್‌ಗೆ ಹೋಗ್ತಾರೆ. ನಾನು ಹೇಳ್ತಿರೋ ಕಾಲದಲ್ಲಿ ಮೊದಲ ಸುತ್ತು ಐದು ಪಂದ್ಯದ್ದು, ಮೂರು ಗೆದ್ದವರು ಮುಂದಕ್ಕೆ. ಆರು ತಿಂಗಳ ದುಡಿಮೆ ಒಂದೇ ವಾರದಲ್ಲಿ ತೀರ್ಮಾನ ಆಗಿಬಿಡುತ್ತೆ.

ಈಗ ನೋಡಿ, 2000ದಿಂದ 2003ರವರೆಗೆ ಏಸ್ ಗೆದ್ದ ಪಂದ್ಯಗಳು: 91, 102, 103, 96. ತಂಡದ ಹತ್ತಿರ ದುಡ್ಡಿಲ್ಲ. 2002ರಲ್ಲಿ ಆಟಗಾರರ ಸಂಬಳಕ್ಕೆ ಇವರು ಖರ್ಚು ಮಾಡಿದ್ದು ಸುಮಾರು 4 ಕೋಟಿ ಡಾಲರ್, ನ್ಯೂಯಾರ್ಕ್ ಯಾಂಕೀಸ್ ಅದರ ಮೂರು ಪಟ್ಟು. ಆದರೂ ಗೆಲ್ತಿದ್ದರು. ಬೇರೆಯವರು ಬೇಡ ಅಂದ ಆಟಗಾರರನ್ನ ಅಂಕಿ-ಅಂಶ ನೋಡಿ ಆರಿಸಿಕೊಳ್ತಿದ್ದ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಬಗ್ಗೆ ಮೈಕೆಲ್ ಲೂಯಿಸ್ 'ಮನಿಬಾಲ್' ಅಂತ ಪುಸ್ತಕ ಬರೆದದ್ದು, 2011ರಲ್ಲಿ ಅದು ಬ್ರಾಡ್ ಪಿಟ್ ಸಿನಿಮಾ ಆದದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ. 2002ರಲ್ಲಿ ಸತತ 20 ಪಂದ್ಯ ಗೆದ್ದದ್ದು ಆ ಸಿನಿಮಾದ ದೊಡ್ಡ ಘಟ್ಟ.

ಆದ್ರೆ ಈ ನಾಲ್ಕೂ ವರ್ಷ ಏಸ್ ಸೋತದ್ದು ಮೊದಲ ಸುತ್ತಲ್ಲೇ. ನಾಲ್ಕೂ ಸಲ ಐದನೇ ಪಂದ್ಯದಲ್ಲೇ!

2000ದಲ್ಲಿ ಐದನೇ ಪಂದ್ಯ ಓಕ್‌ಲೆಂಡಿನಲ್ಲೇ ಇತ್ತು. ಏಸ್ ಇನ್ನೂ ಬ್ಯಾಟ್ ಹಿಡಿಯುವ ಮೊದಲೇ ಯಾಂಕೀಸ್ 6 ರನ್ ಹೊಡೆದಿದ್ದರು. ಕೊನೆಗೆ 7-5.

2001ರದ್ದು ಇದಕ್ಕಿಂತ ನೋವಿನದು. ಸೆಪ್ಟೆಂಬರ್ 11ರ ದಾಳಿ ಆಗಿ ಒಂದು ತಿಂಗಳು. ನ್ಯೂಯಾರ್ಕಿಗೇ ಹೋಗಿ ಮೊದಲ ಎರಡು ಪಂದ್ಯ ಗೆದ್ದು ಬಂದರು. ಇನ್ನೊಂದು ಗೆದ್ದರೆ ಸಾಕು. ಅಕ್ಟೋಬರ್ 13, ಓಕ್‌ಲೆಂಡಿನಲ್ಲಿ ಮೂರನೇ ಪಂದ್ಯ. ಯಾಂಕೀಸ್ ಇಡೀ ಆಟದಲ್ಲಿ ಹೊಡೆದದ್ದು ಎರಡೇ ಹಿಟ್. ಅದರಲ್ಲೊಂದು ಹೋರ್ಹೆ ಪೊಸಾಡಾನ ಹೋಂ ರನ್, 1-0.

ಏಳನೇ ಇನ್ನಿಂಗ್ಸ್, ಎರಡು ಔಟ್ ಆಗಿದೆ. ಏಸ್‌ನ ಜೆರೆಮಿ ಜಿಯಾಂಬಿ ಮೊದಲ ಬೇಸ್‌ನಲ್ಲಿದ್ದಾನೆ. ಟೆರೆನ್ಸ್ ಲಾಂಗ್ ಬಲಗಡೆ ಮೂಲೆಗೆ ಬಾರಿಸಿದ. ಜಿಯಾಂಬಿ ಬೇಸ್‌ಗಳನ್ನ ಸುತ್ತಿ ಹೋಂ ಪ್ಲೇಟ್ ಕಡೆ ಓಡ್ತಿದ್ದಾನೆ, ಅದನ್ನ ಮುಟ್ಟಿದರೆ 1-1. ಬೌಂಡರಿಯಿಂದ ಎಸೆದ ಚೆಂಡು ನಡುವೆ ಹಿಡಿಯಬೇಕಿದ್ದ ಇಬ್ಬರ ತಲೆ ಮೇಲೇ ಹೋಯ್ತು. ಸರಿ, ರನ್ ಬಂತು ಅಂತ ಎಲ್ಲರೂ ಎದ್ದು ನಿಂತರು. ಅಷ್ಟರಲ್ಲಿ ಡೆರೆಕ್ ಜೀಟರ್, ಅಂದ್ರೆ ಮೈದಾನದ ಮಧ್ಯದಲ್ಲಿರಬೇಕಾದ ಆಟಗಾರ, ಅಲ್ಲಿಂದ ಅಡ್ಡ ಓಡಿ ಬಂದು ಚೆಂಡು ಹಿಡಿದು, ಓಡ್ತಾ ಓಡ್ತಾನೇ ಪಕ್ಕಕ್ಕೆ ಪೊಸಾಡಾ ಕೈಗೆ ಕೊಟ್ಟ. ಪೊಸಾಡಾ ಜಿಯಾಂಬಿಯ ಕಾಲಿಗೆ ಚೆಂಡು ಮುಟ್ಟಿಸಿದ. ಔಟ್! ಜಿಯಾಂಬಿ ಜಾರಿಕೊಂಡು ಹೋಗದೆ ನಿಂತೇ ಓಡಿದ್ದ.

"ಜಾರಬೇಕಿತ್ತು ಕಣೋ!" ಅಂತ ಓಕ್‌ಲೆಂಡಿನವರು ಇವತ್ತಿಗೂ ಹೇಳ್ತಾರೆ. 2022ರಲ್ಲಿ ಜೆರೆಮಿ ತೀರಿಕೊಂಡಾಗಲೂ ಸುದ್ದಿಯಲ್ಲಿ ಈ ಓಟದ ಪ್ರಸ್ತಾಪ ಇದ್ದೇ ಇತ್ತು. ಒಬ್ಬ ಮನುಷ್ಯನ ಬಾಳನ್ನ ಜನ ಇಷ್ಟರಲ್ಲೇ ನೆನಪಿಟ್ಟುಕೊಳ್ತಾರಲ್ಲ ಅಂತ ಬೇಜಾರಾಗುತ್ತೆ. ಆ ಸರಣಿಯ ಉಳಿದ ಎರಡೂ ಪಂದ್ಯವನ್ನ ಏಸ್ ಸೋತರು.

2002ರಲ್ಲಿ ಮಿನೆಸೋಟ ಟ್ವಿನ್ಸ್ ಕೈಲಿ ಐದನೇ ಪಂದ್ಯ 5-4. 2003ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ ಮತ್ತೆ ಮೊದಲ ಎರಡು ಗೆದ್ದು ಮತ್ತೆ ಮೂರು ಸೋಲು! ಮೂರನೇ ಪಂದ್ಯದಲ್ಲಿ ಎರಿಕ್ ಬರ್ನ್ಸ್ ಹೋಂ ಪ್ಲೇಟ್ ಹತ್ತಿರ ಡಿಕ್ಕಿ ಹೊಡೆದು, ನೋವಿನಲ್ಲಿ ಪ್ಲೇಟ್ ಮುಟ್ಟೋದನ್ನೇ ಮರೆತ. ಅದೇ ಇನ್ನಿಂಗ್ಸ್‌ನಲ್ಲಿ ಮಿಗೆಲ್ ತೆಹಾಡಾ, ಎದುರಾಳಿ ಅಡ್ಡ ಬಂದನಲ್ಲ, ರನ್ ಕೊಡ್ತಾರೆ ಅಂದುಕೊಂಡು ಓಟ ನಿಲ್ಲಿಸಿ ಔಟಾದ. ಐದನೇ ಪಂದ್ಯ 4-3, ಮೂರೂ ಬೇಸ್ ತುಂಬಿರುವಾಗ ಟೆರೆನ್ಸ್ ಲಾಂಗ್ ಬ್ಯಾಟ್ ಬೀಸದೆ ನಿಂತು ಔಟ್.

ಲೆಕ್ಕ ಹಾಕಿದರೆ ಈ ನಾಲ್ಕು ವರ್ಷದಲ್ಲಿ "ಇದೊಂದು ಗೆದ್ದರೆ ಸಾಕು" ಅನ್ನೋ ಪಂದ್ಯ ಒಂಬತ್ತು. ಒಂಬತ್ತನ್ನೂ ಸೋತರು.

ಇದು ಬರೀ ದುರದೃಷ್ಟವಾ? ನಾನೂ ಪೆನ್ನು ಪೇಪರ್ ಹಿಡಿದು ಕೂತೆ. ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 55 ಇರೋ ತಂಡ ಐದು ಪಂದ್ಯದ ಸರಣಿ ಗೆಲ್ಲೋ ಸಾಧ್ಯತೆ ಸುಮಾರು 59 ಅಷ್ಟೇ. ಅಂದ್ರೆ ಉತ್ತಮ ತಂಡವೇ ಹತ್ತರಲ್ಲಿ ನಾಲ್ಕು ಸಲ ಸೋಲುತ್ತೆ. ನಾಲ್ಕು ವರ್ಷ ಸಾಲಾಗಿ ಸೋಲೋದು ಮಾತ್ರ ನೂರಕ್ಕೆ ಮೂರೂ ಇಲ್ಲ. ಅಪರೂಪ ನಿಜ, ಆದ್ರೆ ಆಗಬಾರದ್ದೇನಲ್ಲ. ಪ್ಲೇಆಫ್ ಅಂದ್ರೆ ಅದೃಷ್ಟದ ಆಟ ಅಂತ ಬೀನ್ ಕೂಡ ಕೈ ಚೆಲ್ಲಿದ್ದ. ಲೆಕ್ಕ ಸರಿ ಇರಬಹುದು, ಆದ್ರೆ ಸೋತು ಮನೆಗೆ ಹೋಗುವವನಿಗೆ ಲೆಕ್ಕದಿಂದ ಸಮಾಧಾನ ಸಿಗುತ್ಯೇ?

2006ರಲ್ಲಿ ಒಂದು ಸಲ ಮೊದಲ ಸುತ್ತು ದಾಟಿದರು, ಮುಂದಿನ ಸುತ್ತಲ್ಲಿ ಡೆಟ್ರಾಯಿಟ್ ಟೈಗರ್ಸ್ 4-0 ಮಾಡಿ ಕಳಿಸಿತು. 2012ರಲ್ಲಿ ಋತುವಿನ ಕೊನೇ ದಿನ ಟೆಕ್ಸಾಸನ್ನ ಸೋಲಿಸಿ ಪ್ಲೇಆಫ್‌ಗೆ ಬಂದವರು ಮತ್ತೆ ಐದನೇ ಪಂದ್ಯದಲ್ಲಿ ಡೆಟ್ರಾಯಿಟಿನ ಜಸ್ಟಿನ್ ವರ್ಲ್ಯಾಂಡರ್ ಎದುರು 6-0ಯಿಂದ ಸೋತರು. ಆ ರಾತ್ರಿಯ ಒಂದು ವಿಷಯ ನನಗೆ ಬಹಳ ಇಷ್ಟ. ಸೋತ ಮೇಲೂ ಜನ ಎದ್ದು ಹೋಗಲಿಲ್ಲ. ಎದುರು ತಂಡ ಮೈದಾನದಲ್ಲಿ ಕುಣೀತಾ ಇದೆ, ಇವರು ನಿಂತುಕೊಂಡು "ಲೆಟ್ಸ್ ಗೋ ಓಕ್‌ಲೆಂಡ್" ಅಂತ ತಮ್ಮವರಿಗೆ ಚಪ್ಪಾಳೆ ತಟ್ಟುತ್ತಾ ಇದ್ದಾರೆ. ಮುಂದಿನ ವರ್ಷ ನೋಡ್ಕೊಳ್ಳೋಣ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.

ಮುಂದಿನ ವರ್ಷ? ಅದೇ ಡೆಟ್ರಾಯಿಟ್, ಅದೇ ಐದನೇ ಪಂದ್ಯ, ಅದೇ ವರ್ಲ್ಯಾಂಡರ್, 3-0. 2014ರಲ್ಲಿ ಒಂದೇ ಪಂದ್ಯದ ವೈಲ್ಡ್ ಕಾರ್ಡ್, ಕಾನ್ಸಾಸ್ ಸಿಟಿ ಎದುರು ಎಂಟನೇ ಇನ್ನಿಂಗ್ಸ್ ತನಕ 7-3 ಮುಂದಿದ್ದವರು ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ 9-8 ಸೋತರು. 2018, 2019ರಲ್ಲೂ ಅದೇ ವೈಲ್ಡ್ ಕಾರ್ಡ್, ಅದೇ ಸೋಲು. 2019ರಲ್ಲಿ ಸ್ಟೇಡಿಯಂಗೆ ಬಂದಿದ್ದವರು 54,005 ಜನ! ಗೆಲ್ಲಲೇಬೇಕಾದ ಕೊನೇ ಪಂದ್ಯಗಳನ್ನ 2000ದಿಂದ ಹೀಗೆ ಸಾಲಾಗಿ ಒಂಬತ್ತು ಸೋತರು ನೋಡಿ.

ಹತ್ತನೆಯದನ್ನ ಗೆದ್ದರು. 2020ರ ಅಕ್ಟೋಬರ್ 1, ಓಕ್‌ಲೆಂಡಿನಲ್ಲೇ, ಶಿಕಾಗೋ ವೈಟ್ ಸಾಕ್ಸ್ ಎದುರು 6-4. ಇಪ್ಪತ್ತು ವರ್ಷದ ಶಾಪ ಕಳೀತು. ಆದ್ರೆ ಅದು ಕೊರೋನಾ ವರ್ಷ. ಸ್ಟೇಡಿಯಂ ಒಳಗೆ ಒಬ್ಬ ಪ್ರೇಕ್ಷಕನೂ ಇಲ್ಲ. ಆ ಋತುವಿನಲ್ಲಿ ಕುರ್ಚಿಗಳ ಮೇಲೆ ಕೂರಿಸಿದ್ದದ್ದು ರಟ್ಟಿನಲ್ಲಿ ಕತ್ತರಿಸಿದ ಅಭಿಮಾನಿಗಳ ಚಿತ್ರಗಳನ್ನ. ಮುಂದಿನ ಸುತ್ತು ಲಾಸ್ ಏಂಜಲೀಸಿನಲ್ಲಿ ನಡೆದು ಹ್ಯೂಸ್ಟನ್ ಎದುರು ಸೋತರು. ಆಮೇಲೆ ಓಕ್‌ಲೆಂಡಿನಲ್ಲಿ ಪ್ಲೇಆಫ್ ನಡೆಯಲೇ ಇಲ್ಲ. ಅಂದ್ರೆ ಆ ಊರಿನ ಕೊನೇ ಪ್ಲೇಆಫ್ ಪಂದ್ಯವನ್ನ ಅವರ ತಂಡ ಗೆದ್ದಿತ್ತು, ಅಲ್ಲಿ ಕೂತು ನೋಡಿದವರು ಯಾರೂ ಇಲ್ಲ.

ಮುಂದಿನದು ಆಟದ ಮೈದಾನದ ಹೊರಗಿನ ಕಥೆ. ಸ್ಟೇಡಿಯಂ ಹಳೇದಾಗಿತ್ತು, ಹೊಸದು ಕಟ್ಟೋ ಮಾತುಕತೆ ವರ್ಷಗಟ್ಟಲೆ ನಡೆದು ಮುರಿದುಬಿತ್ತು. ಮಾಲೀಕರು ಲಾಸ್ ವೇಗಸ್ ಕಡೆ ಮುಖ ಮಾಡಿದರು. ಒಳ್ಳೇ ಆಟಗಾರರನ್ನೆಲ್ಲ ಬಿಟ್ಟುಕೊಟ್ಟ ತಂಡ 2023ರಲ್ಲಿ 112 ಪಂದ್ಯ ಸೋತಿತು. ಜನ ಬರ್ತಾ ಇಲ್ಲ, ಅದಕ್ಕೇ ಹೋಗ್ತೀವಿ ಅಂದಾಗ ಅಭಿಮಾನಿಗಳು 2023ರ ಜೂನ್ 13ರಂದು ತಿರುಗುಮುರುಗು ಬಹಿಷ್ಕಾರ ಮಾಡಿದರು, ಅಂದ್ರೆ ಬೇಕೂಂತಲೇ ಗುಂಪಾಗಿ ಬಂದು ಸ್ಟೇಡಿಯಂ ತುಂಬಿಸೋದು. 27,759 ಜನ. ಹಸಿರು ಅಂಗಿಗಳ ಮೇಲೆ ಒಂದೇ ಪದ: "ಮಾರಿಬಿಡಿ". ಅವತ್ತು ತಂಡ ಗೆದ್ದಿತು ಕೂಡ. ನವೆಂಬರಿನಲ್ಲಿ ಮೂವತ್ತೂ ತಂಡಗಳ ಮಾಲೀಕರು ಸ್ಥಳಾಂತರಕ್ಕೆ ಒಪ್ಪಿ ಮತ ಹಾಕಿದರು, 30-0.

2024ರ ಸೆಪ್ಟೆಂಬರ್ 26ರಂದು ಕೊನೇ ಪಂದ್ಯ. 46,889 ಜನ. ಟೆಕ್ಸಾಸ್ ಎದುರು 3-2 ಗೆಲುವು. ಮ್ಯಾನೇಜರ್ ಮಾರ್ಕ್ ಕಾಟ್ಸೇ ಮೈಕ್ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಕೊನೇ ಸಲ "ಲೆಟ್ಸ್ ಗೋ ಓಕ್‌ಲೆಂಡ್" ಕೂಗಿಸಿದರು. 2025ರಿಂದ ತಂಡ ಆಡ್ತಿರೋದು ಸ್ಯಾಕ್ರಮೆಂಟೋದ ಸಣ್ಣ ಸ್ಟೇಡಿಯಂನಲ್ಲಿ, ಹೆಸರಿನ ಹಿಂದೆ ಯಾವ ಊರೂ ಇಲ್ಲ. 2028ಕ್ಕೆ ಲಾಸ್ ವೇಗಸ್ ಅನ್ನೋದು ಯೋಜನೆ.

ಬ್ರೂಕ್ಲಿನ್‌ನಲ್ಲೂ ಹಿಂದೆ ಹೀಗೇ ಆಗಿತ್ತು. ಅಲ್ಲಿನ ಡಾಜರ್ಸ್ ಅಭಿಮಾನಿಗಳು ವರ್ಷ ವರ್ಷ ಸೋತು "ಮುಂದಿನ ವರ್ಷ" ಅಂತಿದ್ದರು. 1955ರಲ್ಲಿ ಕೊನೆಗೂ ವರ್ಲ್ಡ್ ಸೀರೀಸ್ ಗೆದ್ದರು. 1957ರ ಋತು ಮುಗಿದ ಮೇಲೆ ತಂಡ ಲಾಸ್ ಏಂಜಲೀಸಿಗೆ ಹೊರಟುಹೋಯ್ತು.

ಇಷ್ಟೆಲ್ಲ ಓದಿದ ಮೇಲೆ ನನಗನ್ಸಿದ್ದು ಇಷ್ಟು. ಮೊದಲ ಸುತ್ತಿನ ಸೋಲು ಅಭಿಮಾನಿಯನ್ನ ಏನೂ ಮಾಡಲ್ಲ. ಜಿಯಾಂಬಿ ಜಾರದಿದ್ದರೂ, ಲಾಂಗ್ ಬ್ಯಾಟ್ ಬೀಸದಿದ್ದರೂ, ಏಪ್ರಿಲ್ ಬಂದ ತಕ್ಷಣ ಮತ್ತೆ ಡೋಲು ಹಿಡ್ಕೊಂಡು ಬಲಗಡೆ ಗ್ಯಾಲರಿಯಲ್ಲಿ ಕೂತುಬಿಡ್ತಿದ್ದರು ಅವರು. ಇಪ್ಪತ್ತು ವರ್ಷದ ಸೋಲುಗಳಿಗೆ ಮಾಡಕ್ಕಾಗದೇ ಇದ್ದದ್ದನ್ನ ಒಂದು ಮತದಾನ ಮಾಡಿಬಿಡ್ತು.

ಅಂದ್ಹಾಗೆ, ಓಕ್‌ಲೆಂಡಿನಲ್ಲಿ ಈಗ ಬಾಲರ್ಸ್ ಅಂತ ಒಂದು ಸಣ್ಣ ಲೀಗಿನ ತಂಡ ಇದೆ. 2024ರಿಂದ ಒಂದು ಪಾರ್ಕಿನಲ್ಲಿ ಆಡ್ತಾರೆ, ಅಭಿಮಾನಿಗಳೂ ಅದರಲ್ಲಿ ದುಡ್ಡು ಹಾಕಿದ್ದಾರೆ. 2025ರಲ್ಲಿ ಅವರ ಲೀಗಿನ ಚಾಂಪಿಯನ್ ಕೂಡ ಆದರು. ದೊಡ್ಡ ಲೀಗ್ ಅಲ್ಲ, ಟಿವಿಯಲ್ಲಿ ಅಬ್ಬರ ಇಲ್ಲ. ಆದ್ರೆ ಸೋತ ದಿನ ಮನೆಗೆ ಹೋಗ್ತಾ "ಮುಂದಿನ ವರ್ಷ ನೋಡ್ಕೊಳ್ಳೋಣ" ಅನ್ನಬಹುದು. ಅಷ್ಟು ಸಾಕಲ್ವಾ? ನೀವೇನಂತೀರಿ?